ಎರಡು ಕ್ಯಾಬಿನ್ನು, ಒಂಬತ್ತು ಜನ

ಒಂದು ಕೋಣೆಯಲ್ಲಿ ಎಷ್ಟು ಜನರನ್ನು ಮಲಗಿಸಬಹುದು ಎಂಬ ವಿಷಯದಲ್ಲಿ ನನ್ನಷ್ಟು ತಿಳಿದವರು ಇಡೀ ಗುಂಡ್ಲುಪೇಟೆ ತಾಲ್ಲೂಕಿನಲ್ಲಿ ಯಾರೂ ಇಲ್ಲ ಎಂದು ನಾನು ಬಹಳ ಕಾಲ ನಂಬಿಕೊಂಡಿದ್ದೆ. ಮಾದಪ್ಪನ ಬೆಟ್ಟದ ಛತ್ರದಲ್ಲಿ ನಾಲ್ಕು ಜನರ ರೂಮಿಗೆ ದುಡ್ಡು ಕಟ್ಟಿ ಇಡೀ ಮನೆಯನ್ನೇ ಒಳಗೆ ಸೇರಿಸಿದ ಗಟ್ಟಿಗಿತ್ತಿ ನಾನು. ತಲೆಗಳೆಲ್ಲ ಗೋಡೆಯ ಕಡೆ, ಕಾಲುಗಳೆಲ್ಲ ನಡುವೆ, ಮಕ್ಕಳು ಅಡ್ಡಡ್ಡ, ಗಂಡಸರು ಬಾಗಿಲ ಪಕ್ಕ. ಛತ್ರದ ಕಾವಲಿನವನು ಇಣುಕಿ ನೋಡಿ ಗೊಣಗಿದರೆ ಕೈಗೆ ಟೀ ಕಾಸು ಹಾಕಿದರಾಯಿತು. ಈ ವಿದ್ಯೆಯನ್ನೇ ಸಮುದ್ರದ ಮೇಲೂ ತೋರಿಸಲು ಹೋದೆ ನೋಡಿ, ಅಲ್ಲಿ ಎಡವಿದೆ.

ನಮ್ಮದು ಗುಂಡ್ಲುಪೇಟೆಯಲ್ಲಿ ಈರುಳ್ಳಿ ಮಂಡಿ ಇಟ್ಟುಕೊಂಡಿದ್ದ ಒಟ್ಟು ಕುಟುಂಬ. ಮಾವ, ಅತ್ತೆ, ನನ್ನ ಗಂಡ, ನಾನು, ನಮ್ಮ ಮಗ, ಮೈದುನ, ಅವನ ಹೆಂಡತಿ, ಅವರ ಪುಟ್ಟ ಮಗಳು. ಹೀಗೆ ಎಂಟು. ಒಂಬತ್ತನೆಯವರು ದೊಡ್ಡತ್ತೆ, ಅಂದರೆ ನಮ್ಮ ಮಾವನವರ ಅಕ್ಕ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವರು ಮತ್ತೆ ಆ ಮನೆಯ ಹೊಸಿಲು ದಾಟಿ ಹೆಚ್ಚು ದೂರ ಹೋದದ್ದೇ ಇಲ್ಲ. ನಾನು ಬೆಳಿಗ್ಗೆ ತೆರಕಣಾಂಬಿ ಮೇಲಿನ ಬಸ್ಸು ಹಿಡಿದು ಚಾಮರಾಜನಗರದ ಶಾಲೆಗೆ ಹೋಗಿ ಸಮಾಜ ಪಾಠ ಹೇಳಿ ಸಂಜೆ ಬರುವವಳು. ಅಷ್ಟರಲ್ಲಿ ನನ್ನ ಮಗನಿಗೆ ತಲೆ ಬಾಚಿ, ಉಣ್ಣಿಸಿ, ಶಾಲೆಗೆ ಕಳಿಸಿ, ಬಂದ ಮೇಲೆ ಮತ್ತೆ ಉಣ್ಣಿಸುತ್ತಿದ್ದವರು ಅವರೇ.

ನಮ್ಮ ಮನೆಗೆ ಬೀಗ ಹಾಕುವ ಪದ್ಧತಿ ಇರಲಿಲ್ಲ. ಪದ್ಧತಿ ಹಾಗಿರಲಿ, ಮನೆಯಲ್ಲಿ ಒಂದು ಬೀಗವೇ ಇರಲಿಲ್ಲ. ಹುಟ್ಟುವವರಿಲ್ಲದೆ ಹಾಳುಬಿದ್ದ ಮನೆಗೆ ಮಾತ್ರ ಬೀಗ ಬೀಳುತ್ತದೆ, ಜನ ಇರುವ ಮನೆಯ ಬಾಗಿಲು ತೆರೆದಿರಬೇಕು, ಸಂಜೆ ದೀಪ ಉರಿಯಬೇಕು ಎಂದು ಅತ್ತೆ ಹೇಳುತ್ತಿದ್ದರು. ಆದ್ದರಿಂದ ಎಲ್ಲರೂ ಎಲ್ಲಿಗಾದರೂ ಹೊರಟರೆ ಒಬ್ಬರು ಉಳಿಯಲೇಬೇಕು. ಯಾರು ಉಳಿಯಬೇಕು ಎಂದು ಯಾವತ್ತೂ ಚರ್ಚೆಯಾಗಿದ್ದಿಲ್ಲ. ಬುತ್ತಿ ಕಟ್ಟಿಕೊಟ್ಟು, ಬೀದಿ ತಿರುಗುವ ತನಕ ಜಗುಲಿಯ ಮೇಲೆ ನಿಂತು ನೋಡಿ, ದೊಡ್ಡತ್ತೆ ಒಳಗೆ ಹೋಗುತ್ತಿದ್ದರು. ನಾವು ಮೈಸೂರು ನೋಡಿದ್ದೆವು, ಊಟಿ ನೋಡಿದ್ದೆವು, ಧರ್ಮಸ್ಥಳ ನೋಡಿದ್ದೆವು. ಅವರು ನಾವು ತಂದ ಪ್ರಸಾದ ನೋಡಿದ್ದರು.

ತೊಂಬತ್ತರ ದಶಕದ ನಡುವಿನ ಮಾತು. ನಮ್ಮ ಈರುಳ್ಳಿಯನ್ನು ಕೊಚ್ಚಿಗೆ ಸಾಗಿಸುತ್ತಿದ್ದ ಲಾರಿ ಡ್ರೈವರೊಬ್ಬ ಒಂದು ದಿನ ಮನೆಯ ಜಗುಲಿಯಲ್ಲಿ ಕೂತು ಟೀ ಕುಡಿಯುತ್ತ, ಅಲ್ಲಿಂದ ಲಕ್ಷದ್ವೀಪಕ್ಕೆ ಹೋಗುವ ಹಡಗಿನ ಸುದ್ದಿ ಹೇಳಿದ. ನಮ್ಮ ಬೀದಿಯಷ್ಟು ಉದ್ದವಂತೆ, ಒಳಗೆ ಸಾಲಾಗಿ ರೂಮುಗಳಂತೆ, ರೂಮಿನಲ್ಲಿ ಮಂಚದ ಮೇಲೆ ಮಂಚವಂತೆ, ರಾತ್ರಿಯೆಲ್ಲ ಮಲಗಿಯೇ ಹೋಗುವುದಂತೆ. ಲೋಟ ತೆಗೆದುಕೊಳ್ಳಲು ಬಂದ ದೊಡ್ಡತ್ತೆ ಅಲ್ಲೇ ನಿಂತುಬಿಟ್ಟರು. ಮಾರನೆಯ ದಿನ ನಾನು ಬಸ್ಸಿಗೆ ಹೊತ್ತಾಯಿತೆಂದು ನಿಂತೇ ರೊಟ್ಟಿ ನುಂಗುತ್ತಿದ್ದಾಗ, ಒಲೆ ಕಡೆಗೆ ಮುಖ ಮಾಡಿಕೊಂಡೇ ಮೆಲ್ಲಗೆ ಅಂದರು:

"ನೀರ್ ಮ್ಯಾಲ ಮನೆಯಂತೆ ಕಣವ್ವ. ಅದೊಂದ ನೋಡ್ಬೇಕು ಅನ್ಸದೆ ನಂಗ."

ಅವರು ಬಾಯಿಬಿಟ್ಟು ಏನನ್ನಾದರೂ ಕೇಳಿದ್ದನ್ನು ನಾನು ಅದೇ ಮೊದಲು ಕಂಡದ್ದು. ಈ ಏಪ್ರಿಲ್ ರಜೆಗೆ ನಿಮ್ಮನ್ನು ಹಡಗು ಹತ್ತಿಸದಿದ್ದರೆ ನನ್ನ ಹೆಸರು ಬದಲಾಯಿಸಿ ಎಂದು ಆಣೆ ಇಟ್ಟು ಬಸ್ಸಿಗೆ ಓಡಿದೆ. ಅಷ್ಟಕ್ಕೆ ಸುಮ್ಮನಿದ್ದಿದ್ದರೆ ಚೆನ್ನಾಗಿತ್ತು. ಮಧ್ಯಾಹ್ನ ಶಾಲೆಯ ಸ್ಟಾಫ್ ರೂಮಿನಲ್ಲಿ, ರಜೆಗೆ ನಮ್ಮ ಮನೆಯವರೆಲ್ಲ ಹಡಗಿನಲ್ಲಿ ಹೋಗುತ್ತಿದ್ದೇವೆ, ಕ್ಯಾಬಿನ್ನಿನಲ್ಲಿ, ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ. ಕ್ಯಾಬಿನ್ ಎಂದರೆ ಏನೆಂದು ಆಗ ನನಗೇ ಸರಿಯಾಗಿ ಗೊತ್ತಿರಲಿಲ್ಲ. ಹಡಗು, ಬಂದರು, ಉಬ್ಬರವಿಳಿತ ಎಂದು ವರ್ಷಗಟ್ಟಲೆ ಬೋರ್ಡಿನ ಮೇಲೆ ಬರೆದು ಮಕ್ಕಳ ಕಿವಿ ಹಿಂಡಿದವಳು ಸಮುದ್ರವನ್ನು ಕಂಡೇ ಇರಲಿಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ.

ಸುಲ್ತಾನ್ ಬತ್ತೇರಿಯಲ್ಲಿ ಮಾವನವರ ಜೊತೆ ವ್ಯಾಪಾರ ಮಾಡುತ್ತಿದ್ದ ಮಲಯಾಳಿ ಸಾಹುಕಾರರೊಬ್ಬರು ಕೋಳಿಕ್ಕೋಡಿನ ಒಬ್ಬ ಏಜೆಂಟನ ಫೋನ್ ನಂಬರು ಕೊಟ್ಟರು. ಬಸ್ ಸ್ಟ್ಯಾಂಡಿನ ಎಸ್‌ಟಿಡಿ ಬೂತಿಗೆ ಹೋಗಿ ನಾನೇ ಮಾತಾಡಿದೆ. ನನ್ನ ಮಲಯಾಳ ಅವನಿಗೆ ತಿಳಿಯಲಿಲ್ಲ, ಅವನ ಕನ್ನಡ ನನಗೆ ತಿಳಿಯಲಿಲ್ಲ, ಕೊನೆಗೆ ಇಬ್ಬರೂ ಬಾರದ ತಮಿಳಿಗೆ ಇಳಿದು ಒಪ್ಪಂದಕ್ಕೆ ಬಂದೆವು. ಮೇಲಿನ ಅಂತಸ್ತಿನಲ್ಲಿ ಕಿಟಕಿ ಇರುವ, ಇಬ್ಬರು ಮಲಗುವ ಕ್ಯಾಬಿನ್ನುಗಳಿವೆ ಎಂದ. ಅದರ ದರವನ್ನೂ ಹೇಳಿದ. ಆ ದುಡ್ಡಿನಲ್ಲಿ ನಮ್ಮ ಕಡೆ ಒಂದು ಸುಮಾರಾದ ಮದುವೆಯನ್ನೇ ಮಾಡಿ ಮುಗಿಸಬಹುದಿತ್ತು. ಅದರ ಕೆಳಗೆ ನಾಲ್ಕು ಮಂಚದ ಕ್ಯಾಬಿನ್ನು. ಅದಕ್ಕೂ ಕೆಳಗೆ ಒಂದು ದೊಡ್ಡ ಹಾಲು. ಅಲ್ಲಿ ಸಾಲುಸಾಲು ಮಂಚಗಳು, ದ್ವೀಪದ ಜನ ಓಡಾಡುವುದು ಅದರಲ್ಲಿ, ತುಂಬ ಅಗ್ಗ.

ನಾನು ಛತ್ರದ ಲೆಕ್ಕದಲ್ಲಿ, ನಾಲ್ಕು ಮಂಚದ್ದು ಒಂದು ಕೊಡಿ ಸಾಕು, ಮಿಕ್ಕವರು ನೆಲದ ಮೇಲೆ ಚಾಪೆ ಹಾಸಿಕೊಳ್ಳುತ್ತೇವೆ ಎಂದೆ. ಆ ಕಡೆ ಸದ್ದೇ ಇಲ್ಲ. ಲೈನು ಕಟ್ಟಾಯಿತೇನೋ ಎಂದುಕೊಂಡೆ. ಅವನು ನಗು ಮುಗಿಸುತ್ತಿದ್ದನಂತೆ. ಆಮೇಲೆ ಸಮಾಧಾನವಾಗಿ, ಒಬ್ಬರಿಗೆ ಒಂದು ಮಂಚ ಇರಲೇಬೇಕು, ಎಷ್ಟು ಜನ ನೀವು ಎಂದು ಕೇಳಿದ. ಒಂಬತ್ತು ಎಂದೆ. ಎಂಟಾಗಿದ್ದರೆ ಎರಡು ಕ್ಯಾಬಿನ್ನಿಗೆ ಸರಿಯಾಗಿ ಕೂರುತ್ತಿತ್ತು ಎಂದ.

ಆ ಸಂಜೆ ಮನೆಯಲ್ಲಿ ಎಲ್ಲರ ಎದುರು ವಿಷಯ ಇಟ್ಟೆ. ಎಂಟಾಗಿದ್ದರೆ ಸರಿಯಾಗುತ್ತಿತ್ತು ಎಂಬ ಮಾತು ಬಾಯಿಂದ ಬಿದ್ದದ್ದೇ ತಡ, ಯಾರೂ ಬೇಕೆಂದು ಮಾಡಿದ್ದಲ್ಲ, ಎಲ್ಲರ ಕಣ್ಣೂ ಅಡುಗೆಮನೆ ಕಡೆ ತಿರುಗಿತು. ನನ್ನದೂ ತಿರುಗಿತು. ಒಳಗಿನಿಂದಲೇ ದೊಡ್ಡತ್ತೆ ಅಂದರು:

"ನಾನ್ ಉಳ್ಕತೀನಿ ಬುಡಿ. ಮನ್ಗೆ ಬೀಗ ಹಾಕ್ಬುಟ್ಟು ಎಲ್ರೂ ಓಗಕಾದ್ದಾ?"

ನನಗೆ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು. ಹಡಗಿನ ಮಾತು ಎತ್ತಿದ್ದೇ ಅವರು, ಅವರನ್ನೇ ಬಿಟ್ಟು ಹೋಗುವುದಾದರೆ ನಾನೂ ಬರುವುದಿಲ್ಲ ಎಂದು ಹಾರಾಡಿದೆ. ಅತ್ತೆ ದೀಪದ ಮಾತು ತೆಗೆದರು. ಅದಕ್ಕೆ ನಾನು, ಲಿಂಗ ನಮ್ಮ ನಮ್ಮ ಕೊರಳಲ್ಲೇ ಇದೆ, ನಾವು ಹೋದಲ್ಲಿಗೆ ಅದೂ ಬರುತ್ತದೆ, ಖಾಲಿ ಮನೆಯಲ್ಲಿ ಯಾರಿಗೆ ದೀಪ ಹಚ್ಚಬೇಕು ಎಂದು ಕೇಳಿದೆ. ಅತ್ತೆಯ ಕೈ ತಾನಾಗಿಯೇ ಎದೆಯ ಮೇಲಿನ ಲಿಂಗದ ಕಡೆ ಹೋಯಿತು. ಮಾವನವರು ಸ್ವಲ್ಪ ಹೊತ್ತು ಮೀಸೆ ತಿರುವಿ, ಅಕ್ಕನೂ ಬರಲಿ ಎಂದರು. ಆ ಇಡೀ ಪ್ರವಾಸದಲ್ಲಿ ನಾನು ಗೆದ್ದದ್ದು ಅದೊಂದೇ ವಾದ.

ಆದರೆ ಒಂಬತ್ತು ಒಂಬತ್ತಾಗಿಯೇ ಉಳಿಯಿತು. ಐದು ತುಂಬದ ಮಕ್ಕಳಿಗೆ ಬೇರೆ ಮಂಚ ಬೇಡ, ತಾಯಿಯ ಪಕ್ಕ ಮಲಗಿಸಬಹುದು ಎಂದು ಏಜೆಂಟ್ ಮುಂದಿನ ಫೋನಿನಲ್ಲಿ ಹೇಳಿದಾಗ ನಾನು ಬೂತಿನಲ್ಲೇ ಕುಣಿಯುವುದೊಂದು ಬಾಕಿ. ಮೈದುನನ ಮಗಳಿಗೆ ನಿಜವಾಗಿಯೂ ಐದು ತುಂಬಿರಲಿಲ್ಲ. ವಯಸ್ಸಿಗೆ ಶಾಲೆಯ ಕಾಗದ ಕಳಿಸಿ ಎಂದ. ಆಗ ನೆನಪಾಯಿತು: ಬೇಗ ಒಂದನೇ ತರಗತಿಗೆ ಸೇರಲಿ ಎಂದು ಶಾಲೆಯಲ್ಲಿ ಅವಳ ವಯಸ್ಸಿಗೆ ಒಂದು ವರ್ಷ ಸೇರಿಸಿ ಬರೆಸಿದ್ದವಳು ನಾನೇ. ಹಾಗೆಲ್ಲ ಬರೆಸಬಾರದೆಂದು ಮೈದುನ ಹೇಳಿದಾಗ, ಶಾಲೆ ವಿಚಾರ ನಿನಗೇನು ಗೊತ್ತು ಎಂದು ಅವನ ಬಾಯಿ ಮುಚ್ಚಿಸಿದ್ದವಳೂ ನಾನೇ. ಈಗ ಅವನು ಏನೂ ಅನ್ನಲಿಲ್ಲ, ಸುಮ್ಮನೆ ನನ್ನ ಮುಖ ನೋಡಿದ. ಅಂದಿದ್ದರೇ ವಾಸಿಯಿತ್ತು.

ಕೆಳಗಿನ ಹಾಲಿಗೆ ಯಾರಾದರೂ ಒಬ್ಬರು ಹೋದರಾಯಿತಲ್ಲ ಎಂದು ನೀವು ಕೇಳಬಹುದು. ನನ್ನ ಗಂಡನೂ ಅದನ್ನೇ ಕೇಳಿದರು, ಅವರು ಲಾರಿಯ ಟಾಪಿನ ಮೇಲೂ ಗೊರಕೆ ಹೊಡೆಯುವ ಮನುಷ್ಯ. ಆದರೆ ಮಂಡಿ ಸಾಹುಕಾರರ ಮನೆಯವರು ಹಾಲಿನಲ್ಲಿ ಮಲಗುವುದೇ ಎಂದು ಅತ್ತೆಗೆ ಮರ್ಯಾದೆಯ ಪ್ರಶ್ನೆ. ನನಗೋ, ಸ್ಟಾಫ್ ರೂಮಿನಲ್ಲಿ ಬಿಟ್ಟಿದ್ದ ಜಂಬದ ಪ್ರಶ್ನೆ. ಕೊನೆಗೆ ಎರಡು ಕ್ಯಾಬಿನ್ನು, ಹಾಲಿನಲ್ಲಿ ಒಂದು ಮಂಚ ಎಂದು ಟಿಕೆಟ್ ಮಾಡಿಸಿದೆ. ಒಳಗೆ ಹೋದ ಮೇಲೆ ಒಂಬತ್ತನೆಯವರನ್ನು ಕ್ಯಾಬಿನ್ನಿಗೇ ಕರೆದುಕೊಂಡು ಚಾಪೆ ಹಾಸಿದರೆ ಯಾರು ಬಂದು ನೋಡುತ್ತಾರೆ, ನೋಡಿದರೂ ಟೀ ಕಾಸು ಇದ್ದೇ ಇದೆ ಎಂದು ನನ್ನ ಧೈರ್ಯ. ನಾಲ್ಕು ಜನ ಮಲಗಲು ಮಾಡಿದ ಯಾವ ಕೋಣೆಯಲ್ಲೂ ಇನ್ನೊಬ್ಬರಿಗೆ ಜಾಗ ಇರುತ್ತದೆ ಎಂಬುದು ನನ್ನ ಪಾಲಿಗೆ ಪ್ರಶ್ನೆಯೇ ಆಗಿರಲಿಲ್ಲ.

ಹೊರಡುವ ಹಿಂದಿನ ದಿನ ಮಾವನವರು ಪೇಟೆಗೆ ಹೋಗಿ ಒಂದು ಹಿತ್ತಾಳೆ ಬೀಗ ತಂದರು. ಅದನ್ನು ಬಾಗಿಲಿನ ಚಿಲಕಕ್ಕೆ ಸಿಕ್ಕಿಸಲು ಗೊತ್ತಾಗದೆ ನಮ್ಮ ಮನೆಯ ಗಂಡಸರು ಬಹಳ ಹೊತ್ತು ಒದ್ದಾಡಿದರು. ಹಸುವನ್ನು ಪಕ್ಕದ ಮನೆಯವರ ಕೊಟ್ಟಿಗೆಗೆ ಕಟ್ಟಿದ್ದಾಯಿತು. ಹೊರಡುವ ದಿನ ಎಲ್ಲರೂ ಹೊರಗೆ ಬಂದ ಮೇಲೂ ದೊಡ್ಡತ್ತೆ ಒಳಗೇ ಇದ್ದರು; ಹಿತ್ತಲ ಬಾಗಿಲು, ಅಗಳಿ, ಒಲೆ ಎಂದು ಒಂದೊಂದನ್ನೂ ಮುಟ್ಟಿ ಮುಟ್ಟಿ ನೋಡಿ ಬಂದರು. ಬೀಗ ಹಾಕಿದ ಮೇಲೆ ಕೀ ಯಾರ ಹತ್ತಿರ ಇರಬೇಕು ಎಂದು ಯಾರೂ ಕೇಳಲಿಲ್ಲ. ದೊಡ್ಡತ್ತೆ ಕೈ ಚಾಚಿದರು, ಮಾವನವರು ಕೊಟ್ಟರು, ಅವರು ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಸೊಂಟಕ್ಕೆ ಸಿಕ್ಕಿಸಿದರು.

ಕಾಡು ದಾಟಿ, ಘಟ್ಟ ಇಳಿದು, ಕೋಳಿಕ್ಕೋಡಿನಲ್ಲಿ ರೈಲು ಹತ್ತಿ ಕೊಚ್ಚಿ ಮುಟ್ಟಿದೆವು. ದಾರಿಯುದ್ದಕ್ಕೂ ನನ್ನ ಕಂಕುಳಲ್ಲಿ ಸುತ್ತಿದ ಚಾಪೆ. ಮಿಕ್ಕವರ ಕೈಯಲ್ಲಿ ರೊಟ್ಟಿ ತುಂಬಿದ ಡಬ್ಬ, ಚಟ್ನಿಪುಡಿ, ಉಪ್ಪಿನಕಾಯಿ, ಒಂದು ಸೀಮೆಎಣ್ಣೆ ಸ್ಟವ್. ಸ್ಟವ್ ಬಂದರಿನ ಗೇಟಿನಲ್ಲೇ ಹೋಯಿತು. ಹಡಗಿನೊಳಗೆ ಬೆಂಕಿ ಹಚ್ಚುವ ಹಂಚಿಕೆ ಹಾಕಿದವಳು ಯಾರು ಎಂದು ಗೇಟಿನವನು ಕೇಳಿದಾಗ ಏಳು ಜನ ನನ್ನನ್ನು ತೋರಿಸಿದರು. ಹಡಗನ್ನು ಕಂಡ ದೊಡ್ಡತ್ತೆ ಮಾತ್ರ ಅದಾವುದನ್ನೂ ಗಮನಿಸಲೇ ಇಲ್ಲ. ಬಿಳಿ ಬಳಿದ ಅದರ ಗೋಡೆಯನ್ನು ಕೆಳಗಿನಿಂದ ಮೇಲಿನವರೆಗೂ ನೋಡುತ್ತ, ಕೈ ಹಿಡಿದು ಎಳೆಯುವ ತನಕ ನಿಂತೇ ಇದ್ದರು.

ಕ್ಯಾಬಿನ್ನಿನ ಬಾಗಿಲು ತೆಗೆದಾಗ ನಾನು ಪೆಚ್ಚಾದೆ. ಎರಡು ಕಡೆ ಮಂಚದ ಮೇಲೆ ಮಂಚ, ನಡುವೆ ಒಬ್ಬರು ನಿಂತರೆ ಇನ್ನೊಬ್ಬರು ಹೊರಗೆ ಹೋಗಬೇಕು. ಆದರೂ ಬಿಡಲಿಲ್ಲ. ಎಲ್ಲರನ್ನೂ ಮಂಚ ಹತ್ತಿಸಿ ಚಾಪೆ ಬಿಚ್ಚಿದೆ. ಅದು ಅರ್ಧ ಬಿಚ್ಚಿಕೊಂಡು, ಎರಡೂ ಕಡೆ ಮಂಚದ ಕಾಲಿಗೆ ತಾಗಿ, ತೊಟ್ಟಿಲಿನ ಹಾಗೆ ಮೇಲೆದ್ದು ನಿಂತಿತು. ಅದರ ನಡುವೆ ನಾನೇ ಮಲಗಿ ತೋರಿಸುತ್ತಿರುವಾಗ ಬಾಗಿಲು ತಟ್ಟಿ ಹಡಗಿನ ಸಿಬ್ಬಂದಿಯವನೊಬ್ಬ ಒಳಗೆ ಬಂದ. ಅವನಿಗೆ ಕಂಡದ್ದು ಚಾಪೆಯಲ್ಲಿ ಸಿಕ್ಕಿಕೊಂಡ ಒಬ್ಬ ಮೇಡಮ್ಮು. ಮಲಗಿದಲ್ಲಿಂದಲೇ ಕೈ ಚಾಚಿ ಟೀ ಕಾಸು ಕೊಡಲು ಹೋದೆ. ಅವನು ಬಹಳ ಮರ್ಯಾದೆಯಿಂದ ಅದನ್ನು ನನ್ನ ಕೈಯಲ್ಲೇ ಮಡಿಸಿಟ್ಟು, ಏನಾದರೂ ಅಪಾಯವಾದರೆ ಯಾವ ಕೋಣೆಯಲ್ಲಿ ಎಷ್ಟು ಜನ ಎಂದು ನಮಗೆ ಗೊತ್ತಿರಬೇಕಮ್ಮ, ಒಬ್ಬರು ಕೆಳಗೆ ಹೋಗಬೇಕು ಎಂದು ತಮಿಳಿನಲ್ಲಿ ಹೇಳಿದ.

ನಾನು ಎದ್ದು ಸೀರೆ ಸರಿಮಾಡಿಕೊಳ್ಳುವಷ್ಟರಲ್ಲಿ ದೊಡ್ಡತ್ತೆ ಕೈಚೀಲ ಎತ್ತಿಕೊಂಡು ಬಾಗಿಲಲ್ಲಿದ್ದರು. ಯಾರೂ ಹೇಳಿರಲಿಲ್ಲ. ಒಬ್ಬರು ಬಿಡಬೇಕು ಎಂಬ ಮಾತು ಯಾವ ಭಾಷೆಯಲ್ಲಿ ಬಂದರೂ ಅದು ತಮಗೇ ಹೇಳಿದ್ದು ಎಂದು ಅವರಿಗೆ ಗೊತ್ತಾಗುತ್ತಿತ್ತು. ನನಗೆ ಸಿಟ್ಟು ಬಂತು. ಅವರ ಮೇಲೋ, ಸುಮ್ಮನೆ ನೋಡುತ್ತಿದ್ದ ನಮ್ಮವರ ಮೇಲೋ, ನನ್ನ ಮೇಲೋ ತಿಳಿಯಲಿಲ್ಲ. ಅವರ ಕೈಚೀಲ ಕಿತ್ತುಕೊಂಡು ಕೆಳಗಿನ ಮಂಚದ ಮೇಲೆ ಹಾಕಿ, ಇದು ನಿಮ್ಮ ಜಾಗ ಎಂದೆ. ಚಾಪೆ ಸುತ್ತಿಕೊಂಡು, ತಲೆ ಎತ್ತಿಕೊಂಡು, ನಾನೇ ಹಾಲಿಗೆ ಇಳಿದೆ. ಮಕ್ಕಳು ನನ್ನ ತ್ಯಾಗ ಕಂಡು ಬೆರಗಾಗಿರಬೇಕು ಎಂದು ಮೆಟ್ಟಿಲ ಮೇಲೆ ಹಿಂತಿರುಗಿ ನೋಡಿದೆ. ಅವರು ಮೇಲಿನ ಮಂಚಕ್ಕೆ ಜಗಳವಾಡುತ್ತಿದ್ದರು.

ಆ ತ್ಯಾಗದ ಜಂಬ ಹಡಗು ಬಂದರು ಬಿಡುವ ತನಕ ಮಾತ್ರ ಇತ್ತು. ಅಲೆಗಳ ಮೇಲೆ ಹೊಯ್ದಾಡಲು ಶುರುವಾದದ್ದೇ ನನ್ನ ಹೊಟ್ಟೆ ತೊಳಸಿ ಬಂತು. ಉಬ್ಬರವಿಳಿತದ ಕಾರಣಗಳನ್ನು ಬಾಯಿಪಾಠ ಒಪ್ಪಿಸುತ್ತಿದ್ದವಳು ಹಾಲಿನ ಮಂಚದ ಮೇಲೆ ಬಕೆಟ್ ಅಪ್ಪಿಕೊಂಡು ಬಿದ್ದುಕೊಂಡೆ. ದ್ವೀಪದ ಹೆಂಗಸರು ನಿಂಬೆಹಣ್ಣು ಕೊಟ್ಟರು, ಬೆನ್ನು ಸವರಿದರು, ನನ್ನ ಚಾಪೆಯನ್ನೇ ಹಾಸಿ ಅದರ ಮೇಲೆ ತಮ್ಮ ಮಕ್ಕಳನ್ನು ಮಲಗಿಸಿಕೊಂಡರು. ಚಾಪೆಗಾದರೂ ಮರ್ಯಾದೆ ಸಿಕ್ಕಿತು. ಸಮುದ್ರ ನೋಡಲು ಮೇಲೆ ಹೋಗುವ ಮಾತಂತೂ ದೂರವೇ ಉಳಿಯಿತು.

ಬೆಳಗಾದ ಮೇಲೆ ದೊಡ್ಡತ್ತೆ ಕೇಳಿಕೊಂಡು ಕೇಳಿಕೊಂಡು ನನ್ನನ್ನು ಹುಡುಕಿ ಬಂದರು. ಅವರಿಗೆ ಒಂದು ತೇಗೂ ಬಂದಿರಲಿಲ್ಲ. ಹಾಸಿಗೆ ಮೆತ್ತಗಿತ್ತಂತೆ, ನಿದ್ದೆ ಚೆನ್ನಾಗಿ ಬಂತಂತೆ. ಅತ್ತೆ ಮಂಚದ ಮೇಲೆಯೇ ತಲೆ ತಗ್ಗಿಸಿ ಕೂತು ಲಿಂಗಪೂಜೆ ಮಾಡಿಕೊಂಡರಂತೆ. ತಾವು ಬೆಳಗಿನಿಂದ ಮೇಲೆ ಕಂಬಿ ಹಿಡಿದು ನಿಂತಿದ್ದರಂತೆ. ನನ್ನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಭೂಗೋಳದ ಮೇಡಮ್ಮಿಗೆ ಸಮುದ್ರ ಹೇಗಿದೆ ಎಂದು ಹೇಳತೊಡಗಿದರು.

"ನಮ್ಮ ಹೊಲಕಾದ್ರೂ ಬದ ಅದೆ. ಇದ್ಕೆ ಬದಾನೂ ಇಲ್ಲ, ಬೇಲೀನೂ ಇಲ್ಲ ಕಣವ್ವ. ಕಾಯಕ್ಕೆ ಒಬ್ರೂ ಇಲ್ಲ, ಅದರ ಪಾಡ್ಗೆ ಅದದೆ."

ಹಾಗನ್ನುವಾಗಲೂ ಅವರ ಕೈ ಸೊಂಟದ ಗಂಟಿನ ಮೇಲೇ ಇತ್ತು. ಹಗಲೆಲ್ಲ ದ್ವೀಪ, ಸಂಜೆಯಾದರೆ ಮತ್ತೆ ಹಡಗು, ಹೀಗೆ ಸುತ್ತಿದೆವು. ಎರಡನೆಯ ದಿನದ ಹೊತ್ತಿಗೆ ನಾನೂ ಎದ್ದು ಸಮುದ್ರ ನೋಡಿದೆ. ಅಷ್ಟರಲ್ಲಿ ದೊಡ್ಡತ್ತೆ ಅದಕ್ಕೆ ಹಳಬರಾಗಿದ್ದರು. ಆ ತಿಳಿಹಸಿರು ನೀರಿನಲ್ಲಿ ಮೊಣಕಾಲವರೆಗೆ ಸೀರೆ ಎತ್ತಿಕೊಂಡು ನಿಂತು, ಕಾಲ ಬಳಿ ಸುಳಿಯುವ ಮೀನುಗಳನ್ನು ಕಂಡು ಚಿಕ್ಕ ಹುಡುಗಿಯ ಹಾಗೆ ನಗುತ್ತಿದ್ದರು. ಆಗಾಗ ಮಾತ್ರ ನಗು ನಿಂತು ಮುಖ ಬಾಡುತ್ತಿತ್ತು. ಮನೆ ಹೇಗಿದೆಯೋ, ಕಳ್ಳರು ನುಗ್ಗಿದರೋ, ಹಿತ್ತಲ ಅಗಳಿ ಹಾಕಿದ್ದೆನೋ ಇಲ್ಲವೋ ಎಂದು ನನ್ನನ್ನು ಕೇಳುತ್ತಿದ್ದರು. ಏನೂ ಆಗಿರುವುದಿಲ್ಲ ಸುಮ್ಮನಿರಿ ಎಂದು ನಾನು ಗದರಿಸುತ್ತಿದ್ದೆ. ನಾನು ಅಂದದ್ದೇ ನಿಜವಾಯಿತಲ್ಲ ಎಂದು ಆಮೇಲೆ ನನಗೇ ಬೇಜಾರಾಯಿತು.

ಊರಿಗೆ ಬಂದದ್ದು ಒಂದು ಮಧ್ಯಾಹ್ನ. ಬಸ್ಸಿಳಿದವರೇ ದೊಡ್ಡತ್ತೆ ಎಲ್ಲರಿಗಿಂತ ಮುಂದೆ, ನಮ್ಮ ಕಾಲು ಸೋಲುವಷ್ಟು ಬಿರುಸಾಗಿ ನಡೆದರು. ಸೆರಗಿನ ಗಂಟು ಬಿಚ್ಚಿ ಅವರೇ ಬೀಗ ತೆಗೆದರು. ಒಳಗೆ ಮುಚ್ಚಿದ ಮನೆಯ ವಾಸನೆ. ಅವರು ಬೀಗವನ್ನು ಕೈಯಲ್ಲಿ ಹಿಡಿದುಕೊಂಡೇ ಒಂದೊಂದು ಕೋಣೆಗೂ ಹೋದರು. ದೀಪದ ಕಂಬದಲ್ಲಿ ಎಣ್ಣೆ ಹಾಗೇ ಇತ್ತು. ತೊಳೆದು ಬೋರಲು ಹಾಕಿದ್ದ ಪಾತ್ರೆಗಳು ಬೋರಲಾಗಿಯೇ ಇದ್ದವು. ಹಿತ್ತಲ ಅಗಳಿ ಹಾಕಿತ್ತು. ಅಡುಗೆಮನೆಯ ಕಿಟಕಿಯಲ್ಲಿ ಮರೆತು ಹೋಗಿದ್ದ ಒಂದು ಈರುಳ್ಳಿ ಮೊಳಕೆಯೊಡೆದಿತ್ತು, ಅಷ್ಟೇ.

ನಾನು ಗೆದ್ದವಳ ಹಾಗೆ ಅವರ ಹಿಂದೆ ಹಿಂದೆಯೇ ಸುತ್ತುತ್ತ, ನೋಡಿ, ನಾನು ಹೇಳಲಿಲ್ಲವೇ, ಒಂದು ಕಡ್ಡಿಯೂ ಅಲ್ಲಾಡಿಲ್ಲ ಎಂದು ಬಡಬಡಿಸುತ್ತಿದ್ದೆ. ಅವರು ಸುತ್ತಿ ಮುಗಿಸಿ ಬಂದು ಹೊಸಿಲ ಹತ್ತಿರ ಕೂತರು. ಅಂಗೈಯಲ್ಲಿದ್ದ ಬೀಗವನ್ನು ತಿರುಗಿಸಿ ತಿರುಗಿಸಿ ನೋಡಿದರು. ಮಾವನವರು ಟ್ರಂಕು ಹೊತ್ತುಕೊಂಡು ಆಗಷ್ಟೇ ಬಾಗಿಲಿಗೆ ಬಂದಿದ್ದರು.

"ಇಷ್ಟು ವರ್ಸ ನಾನ್ ಮಾಡ್ತಿದ್ದ ಕೆಲ್ಸವ ಇದು ಮಾಡ್ಬುಡ್ತಲ್ಲವ್ವ," ಅಂದರು ದೊಡ್ಡತ್ತೆ.

ಸಿಟ್ಟಿನ ದನಿಯಲ್ಲ, ಅಳುವೂ ಅಲ್ಲ. ಹೊಸದೊಂದು ಸಂಗತಿ ಕಂಡವರ ಹಾಗೆ ಅಂದರು. ಅವರು ಬೀಗವನ್ನು ತಮ್ಮನ ಕೈಗೆ ಕೊಟ್ಟು, ಹಸು ಹೊಡೆದುಕೊಂಡು ಬರಲು ಪಕ್ಕದ ಮನೆಗೆ ಹೋದರು. ಮಾವನವರು ಟ್ರಂಕು ಕೆಳಗಿಟ್ಟು, ಆ ಬೀಗವನ್ನು ಎಲ್ಲಿಡಬೇಕೆಂದು ತಿಳಿಯದೆ, ಬಹಳ ಹೊತ್ತು ಬಾಗಿಲಲ್ಲೇ ಹಿಡಿದುಕೊಂಡು ನಿಂತಿದ್ದರು.